ನಡುವಿನ ರೌಂಡು ಮೆಹಮಾನನದು

ಕರೆದವನಿಗೆ ಹೊರಗೆ ಕಳಿಸುವ ಅಧಿಕಾರವೂ ಇರುತ್ತದೆ. ಆಹ್ವಾನ ಪತ್ರಿಕೆಯನ್ನು ಎಷ್ಟೇ ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಲಿ, ಅದು ಹಕ್ಕುಪತ್ರ ಆಗುವುದಿಲ್ಲ. ಈ ಮಾತು ನಿಮಗೆ ಗೊತ್ತಿರಬೇಕು. ನಿಮ್ಮಲ್ಲಿ ಬಹಳ ಮಂದಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಗಾಜಿನ ಬಾಗಿಲು ದಾಟುವವರು. ಆ ಕಾರ್ಡನ್ನು ಯಾವತ್ತು ಬೇಕಾದರೂ ವಾಪಸು ಕೇಳಬಹುದು ಎಂದು ತಿಳಿದೇ ದಾಟುವವರು. ಗೊಲ್ಲಾಳಪ್ಪನಿಗೆ ಅದು ಗೊತ್ತಿರಲಿಲ್ಲ. ಆಹ್ವಾನ ಎಂದರೆ ಮನೆಗೆ ಕರೆದದ್ದು ಎಂದು ಅವನು ತಿಳಿದುಕೊಂಡ.

ಗೊಲ್ಲಾಳಪ್ಪ ಬಾಲಾನಗರದ ಟರ್ನರ್, ಲೇತಿನ ಮೇಲೆ ಲೋಹ ತಿರುವುವವನು. ವಯಸ್ಸು ಮೂವತ್ನಾಲ್ಕು. ಸಿಂದಗಿ ಕಡೆಯವನು, ಆದರೆ ಆರು ವರ್ಷದವನಿದ್ದಾಗಲೇ ಅಪ್ಪನ ಬೆನ್ನು ಹತ್ತಿ ಹೈದರಾಬಾದಿಗೆ ಬಂದ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ. ಅದೇ ವರ್ಷ ಲೇತ್ ಯಂತ್ರದ ಮುಂದೆ ನಿಂತ. ದೊಡ್ಡ ಕಾರ್ಖಾನೆಗಳಿಗೆ ಹಿತ್ತಾಳೆಯ ಬುಷ್ಷು, ಅಂದರೆ ಸರಳು ಅಲ್ಲಾಡದಂತೆ ಹಿಡಿಯುವ ಬಳೆ, ಮತ್ತು ಪಿನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪು ಅದು. ಗಣಿತ ಬಾರದವನು ಹದಿನಾರು ವರ್ಷ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದ ಲೆಕ್ಕದಲ್ಲಿ ಲೋಹ ತಿರುವಿದ. ಅವನು ತಿರುವಿದ ಬುಷ್ಷು ವಾಪಸು ಬಂದದ್ದು ಆ ಗಲ್ಲಿಯಲ್ಲಿ ಯಾರೂ ಕಂಡಿಲ್ಲ.

ಈ ವರ್ಷ, ಅಂದರೆ ೨೦೦೭ರ ಜನವರಿಯಲ್ಲಿ, ವರ್ಕ್‌ಶಾಪಿನ ಮಾಲೀಕರು ಜಾಗ ಮಾರಿದರು. ಅಲ್ಲಿ ಎಂಟು ಮಹಡಿಯ ಅಪಾರ್ಟ್‌ಮೆಂಟು ಏಳುತ್ತಿದೆ. ಗೊಲ್ಲಾಳಪ್ಪ ಉಳಿದ ವರ್ಕ್‌ಶಾಪುಗಳ ಬಾಗಿಲು ಬಡಿದ. ಅಲ್ಲೆಲ್ಲ ಕಂಪ್ಯೂಟರ್ ಹೇಳಿದಂತೆ ತಾನೇ ತಿರುಗುವ ಲೇತ್‌ಗಳು ಬಂದಿದ್ದವು, ಅದರ ಮುಂದೆ ನಿಲ್ಲುವುದಕ್ಕೆ ಐಟಿಐ ಸರ್ಟಿಫಿಕೇಟು ಕೇಳಿದರು. ಮಾರ್ಚಿ ಹೊತ್ತಿಗೆ ಅವನು ಬೆಳಗಿನ ಆರು ಗಂಟೆಗೆ ಕೂಲಿಯವರ ಅಡ್ಡಾದಲ್ಲಿ ನಿಲ್ಲತೊಡಗಿದ. ಅವನನ್ನು ಮೊದಲ ದಿನ ಕರೆದುಕೊಂಡು ಹೋದ ಮೇಸ್ತ್ರಿ ಎಲ್ಲಿಗೆ ಕರೆದುಕೊಂಡು ಹೋದ ಗೊತ್ತೇ? ಅದೇ ಎಂಟು ಮಹಡಿಗೆ. ತಾನು ಹದಿನಾರು ವರ್ಷ ನಿಂತ ಜಾಗದ ಮೇಲೆಯೇ ಅವನು ಈಗ ಸಿಮೆಂಟು ಹೊರುತ್ತಾನೆ.

ಇದಿಷ್ಟೇ ಆಗಿದ್ದರೆ ಈ ಅಂಕಣದಲ್ಲಿ ಬರೆಯುವುದಕ್ಕೆ ಹೊಸದೇನೂ ಇರಲಿಲ್ಲ. ಈ ಊರು ಇಂಥದ್ದನ್ನು ದಿನಾ ಮಾಡುತ್ತದೆ. ಆದರೆ ಗೊಲ್ಲಾಳಪ್ಪನ ಕೈಗೆ ಇನ್ನೊಂದು ವಿದ್ಯೆ ಇತ್ತು.

ಐದು ವರ್ಷದ ಹಿಂದಿನ ತನಕ ಅವನು ಮೆಹದಿಪಟ್ಟಣಂನಲ್ಲಿದ್ದ. ಶಿಫ್ಟು ಮುಗಿಸಿ ಬಸ್ಸಿಳಿದರೆ ಎದುರಿನ ಗಲ್ಲಿಯಲ್ಲಿ ಮೊಯಿನ್ ಭಾಯಿಯ ಗೇಮ್ ಪಾರ್ಲರು. ಕಬೋರ್ಡಿನಷ್ಟು ಎತ್ತರದ ಐದು ಯಂತ್ರಗಳು, ಒಂದು ರೂಪಾಯಿ ನಾಣ್ಯ ಹಾಕಿದರೆ ಒಂದು ಆಟ. ನಾಲ್ಕರ ಮುಂದೆ ಯಾರಿರಲಿ ಬಿಡಲಿ, ಐದನೆಯದರ ಮುಂದೆ ಯಾವಾಗಲೂ ಗುಂಪು. ಅದು ಹೊಡೆದಾಟದ ಆಟ. ಪರದೆಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ, ಅವರನ್ನು ಆಡಿಸುವ ಇಬ್ಬರು ಕೆಳಗೆ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಎಡಗೈಗೆ ಒಂದು ಹ್ಯಾಂಡಲ್ಲು, ಬಲಗೈಗೆ ಆರು ಬಟನ್ನು. ಒಂದು ರೌಂಡಿಗೆ ತೊಂಬತ್ತೊಂಬತ್ತು ಸೆಕೆಂಡು. ಮೂರರಲ್ಲಿ ಎರಡು ರೌಂಡು ಗೆದ್ದವನು ಕೂತಲ್ಲೇ ಕೂತಿರುತ್ತಾನೆ, ಸೋತವನು ಎದ್ದು ಜಾಗ ಬಿಡಬೇಕು. ಇಪ್ಪತ್ತರ ವಯಸ್ಸಿನ ಗೊಲ್ಲಾಳಪ್ಪ ಒಂದು ರೂಪಾಯಿ ಹಾಕಿ ಸಂಜೆ ಆರಕ್ಕೆ ಕೂತರೆ, ಮೊಯಿನ್ ಭಾಯಿ ಬಾಗಿಲು ಎಳೆಯುವ ತನಕ ಅವನನ್ನು ಎಬ್ಬಿಸುವವರು ಇರಲಿಲ್ಲ. ಹ್ಯಾಂಡಲ್ಲು ಸವೆದು ಅಲ್ಲಾಡಿದರೆ ಮರುದಿನ ವರ್ಕ್‌ಶಾಪಿನಲ್ಲಿ ಒಂದು ಹಿತ್ತಾಳೆಯ ಬುಷ್ಷು ತಿರುವಿ ತಂದು ತಾನೇ ಕೂರಿಸುತ್ತಿದ್ದ.

ಆ ಪಾರ್ಲರಿಗೆ ಒಂದು ರೀತಿ ಇತ್ತು. ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆ, ಆದ್ದರಿಂದ ಗಮನ ಇಟ್ಟು ಓದಿ.

ಹೊಸಬನೊಬ್ಬ ಬರುತ್ತಾನೆ. ಜೇಬಿನಲ್ಲಿ ಇರುವುದೇ ಒಂದು ರೂಪಾಯಿ. ಅದನ್ನು ಹಾಕಿ ಗೊಲ್ಲಾಳಪ್ಪನಂಥವನ ಪಕ್ಕ ಕೂತರೆ ಮೊದಲ ರೌಂಡು ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತದೆ, ಎರಡನೆಯದು ಇನ್ನಿಪ್ಪತ್ತಕ್ಕೆ. ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹೋಗುತ್ತಾನೆ. ಅದಕ್ಕೇ ಮೊಯಿನ್ ಭಾಯಿ ಕಟ್ಟಳೆ ಮಾಡಿದ್ದರು: "ಬೀಚ್ ಕಾ ರೌಂಡ್ ಮೆಹಮಾನ್ ಕಾ." ನಡುವಿನ ರೌಂಡು ಮೆಹಮಾನನದು, ಬಂದ ಅತಿಥಿಯದು. ಮೊದಲನೆಯದನ್ನು ಸುಲಭವಾಗಿ ಗೆದ್ದವನು ಎರಡನೆಯದನ್ನು ಬಿಟ್ಟುಕೊಡಬೇಕು, ಮೂರನೆಯದನ್ನು ಇಬ್ಬರೂ ನಿಯತ್ತಾಗಿ ಆಡಬೇಕು. ಕೊಬ್ಬಿನಿಂದ ಎರಡನ್ನೂ ಗೆದ್ದುಬಿಟ್ಟವನಿದ್ದರೆ ಮೊಯಿನ್ ಭಾಯಿ ಕುರ್ಚಿಯಿಂದ ಏಳದೆ ಯಂತ್ರದ ಸ್ವಿಚ್ಚು ಆರಿಸುತ್ತಿದ್ದರು.

"ಘರ್ ಕು ಆಯೇ ಸೋ ಮೆಹಮಾನ್ ಕು ಬಾಸನಾಂ ಬಜಾ ಕೆ ಭಗಾತೇ ಕ್ಯಾ ರೇ?" ಎನ್ನುತ್ತಿದ್ದರು. ಮನೆಗೆ ಬಂದ ಅತಿಥಿಯನ್ನು ಪಾತ್ರೆ ಬಡಿದು ಓಡಿಸುತ್ತೀರೇನೋ?

ಬಿಟ್ಟುಕೊಡುವುದಕ್ಕೂ ಒಂದು ಹದ ಬೇಕು. ಬಿಟ್ಟುಕೊಟ್ಟರು ಎಂದು ಎದುರಿನವನಿಗೆ ತಿಳಿದರೆ ಅದು ಭಿಕ್ಷೆ. ಗೊಲ್ಲಾಳಪ್ಪ ಎಂಬತ್ತೊಂಬತ್ತು ಸೆಕೆಂಡು ಸಮಸಮನಾಗಿ ಹೊಡೆದಾಡಿ, ಕೊನೆಯ ಹತ್ತು ಸೆಕೆಂಡಿಗೆ ಎಡಗೈಯ ಬಿಗಿ ಸಡಿಲಿಸುತ್ತಿದ್ದ. ನೋಡುವವರಿಗೆ ಅವನು ದಣಿದಂತೆ ಕಾಣುತ್ತಿತ್ತು. ಒಂಬತ್ತು ವರ್ಷ, ದಿನಕ್ಕೆ ಹತ್ತಾರು ಸಲ, ಅವನ ಕೈ ಇದನ್ನು ಮಾಡಿತು. ಆ ಗಲ್ಲಿಯ ಎಷ್ಟೋ ಮಂದಿ ಆಟ ಕಲಿತದ್ದು ಅವನು ಬಿಟ್ಟುಕೊಟ್ಟ ರೌಂಡುಗಳಲ್ಲಿ. ರಕ್ಷಣಾ ಕಾರ್ಖಾನೆಯ ಅಧಿಕಾರಿ ನರಹರಿಯವರ ಮಗ ಶ್ರೀಹರ್ಷ ಅವರಲ್ಲೊಬ್ಬ. ಟ್ಯೂಷನ್ನಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದು ಗೊಲ್ಲಾಳಪ್ಪನ ಪಕ್ಕ ಕೂರುತ್ತಿದ್ದ.

ಅದೇ ಶ್ರೀಹರ್ಷ ಕಳೆದ ತಿಂಗಳು ಬಾಲಾನಗರದ ಒಂದೇ ಕೋಣೆಯ ಮನೆಗೆ ಬಂದ. ಈಗ ಅವನು ಮಾಧಾಪುರದ ಕಂಪನಿಯೊಂದರಲ್ಲಿ ಟೀಮ್ ಲೀಡರ್. ಹೊರದೇಶದವರು ಮಾಡುವ ಕಂಪ್ಯೂಟರ್ ಆಟಗಳನ್ನು ಆಡಿ ನೋಡಿ, ತಪ್ಪು ಹುಡುಕಿ ಕೊಡುವುದು ಆ ಕಂಪನಿಯ ಕೆಲಸ. ಗೊಲ್ಲಾಳಪ್ಪನ ಹೆಂಡತಿ ಶರಣಬಸಮ್ಮ ಆ ಹೊತ್ತಿಗೆ ಖಾನಾವಳಿಗೆ ಕೊಡುವ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಗೊಲ್ಲಣ್ಣ, ಗುರುತು ಸಿಕ್ತಾ?"

"ಸಿಗದ ಏನ ಮಾಡತೈತಿ. ಮುಖಾ ಅದ ಐತಿ, ಹೊಟ್ಟಿ ಅಷ್ಟ ಹೊಸಾದು."

ಶ್ರೀಹರ್ಷ ನಕ್ಕು ದಪ್ಪ ಕಾಗದದ ಲಕೋಟೆ ಕೊಟ್ಟ. ಪಾರ್ಲರಿನ ಆ ಹಳೆಯ ಆಟವನ್ನು ಕಂಪ್ಯೂಟರಿಗಾಗಿ ಹೊಸದಾಗಿ ಮಾಡುತ್ತಿದ್ದಾರೆ, ಅದರ ಪ್ರಚಾರಕ್ಕೆ ಒಂದು ಪಂದ್ಯಾವಳಿ. ಬೇಕಾದವರೆಲ್ಲ ಬಂದು ಆಡುವಂಥದ್ದಲ್ಲ. ಊರಿನ ಹದಿನಾರು ಜನ ಪಳಗಿದ ಆಟಗಾರರಿಗೆ ಮಾತ್ರ ಆಹ್ವಾನ. ಗೆದ್ದವನಿಗೆ ಟ್ರೋಫಿ. ಜೊತೆಗೆ, ಬೇಕಿದ್ದರೆ, ಅದೇ ಕಂಪನಿಯಲ್ಲಿ ಟೆಸ್ಟರ್ ಕೆಲಸ. ಖಾಯಂ.

"ಡಿಗ್ರಿ ಕೇಳಲ್ಲ ಅಣ್ಣ. ಇಲ್ಲೇ ಅಚ್ಚು ಹಾಕಿದ್ದಾರೆ ನೋಡಿ."

"ಆಟಾ ಆಡಿದ್ರ ನೌಕರಿ ಕೊಡ್ತಾರೇನು?" ಶರಣಬಸಮ್ಮ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಇವರು ಆಟಾ ಆಡ್ತಾರಂತ ಕೇಳಿ ನಮ್ಮಪ್ಪ ಹೆಣ್ಣು ಕೊಡಾಕ ಒಲ್ಲೆ ಅಂದಿದ್ದ."

"ಆಮ್ಯಾಲ ಕೊಟ್ನಲ್ಲ," ಎಂದ ಗೊಲ್ಲಾಳಪ್ಪ.

"ಆಟಾ ಬಿಟ್ಟಾರಂತ ಸುಳ್ಳ ಹೇಳಿದ್ರಿ, ಅದಕ್ಕ ಕೊಟ್ಟ."

ಮೂವರೂ ನಕ್ಕರು. ಆರು ತಿಂಗಳಲ್ಲಿ ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು ಎಂದು ಶರಣಬಸಮ್ಮ ಹೇಳುತ್ತಾಳೆ. ಆಮೇಲೆ ಶ್ರೀಹರ್ಷ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆ ತೆಗೆದು, "ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಸಹಿ ಹಾಕಿ ಅಣ್ಣ. ಏನಿಲ್ಲ, ಫಾರ್ಮಾಲಿಟಿ," ಎಂದ. ಗೊಲ್ಲಾಳಪ್ಪ ಹಾಕಿದ. ಮೂರನೆಯ ಹಾಳೆಯಲ್ಲಿ ಏನಿತ್ತು ಎಂದು ಓದಿ ಹೇಳಬೇಕು ಎಂದು ಶ್ರೀಹರ್ಷನಿಗೆ ಅನ್ನಿಸಲಿಲ್ಲ. ಅವನೂ ಓದಿರಲಿಕ್ಕಿಲ್ಲ.

ಈ ಇಡೀ ಊರಿನಲ್ಲಿ, ಇಷ್ಟು ಸಾವಿರ ಮೇಜುಗಳಿರುವ ಊರಿನಲ್ಲಿ, ಹತ್ತನೆಯ ತರಗತಿ ನಪಾಸಾದ ಗಂಡಸಿಗೆ ಒಂದು ಮೇಜು ಸಿಗಬಹುದಾಗಿದ್ದ ಒಂದೇ ಬಾಗಿಲು ಅದು. ಗೊಲ್ಲಾಳಪ್ಪನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಸಿಮೆಂಟು ಬೆರಳನ್ನು ತಿನ್ನುತ್ತಿರುವುದೂ ಅರ್ಥವಾಗಿತ್ತು. ಎರಡು ವಾರ ಅವನು ಕೂಲಿ ಮುಗಿಸಿ, ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಎರಡು ಬಸ್ಸು ಬದಲಿಸಿ ಮಾಧಾಪುರಕ್ಕೆ ಹೋಗಿ ಹೊಸ ಆಟದ ಮೇಲೆ ಕೈ ಕೂರಿಸಿದ. ಮೂರನೆಯ ದಿನವೇ ಹೇಳಿದ:

"ಹರ್ಷಾ, ಇದರಾಗ ಲೂಜ್ ಐತಿ."

"ಎಲ್ಲಣ್ಣ?"

"ಕುಂತಾವ ಎದ್ದು ಒದ್ರ ಕಾಲು ಒಂದು ಕೂದಲೆಳಿಯಷ್ಟು ತಡಾ ಬರತೈತಿ. ಎಡಕ್ಕ ನಿಂತ್ರ ಇಲ್ಲ. ಬಲಕ್ಕ ನಿಂತಾಗ ಅಷ್ಟ."

ಶ್ರೀಹರ್ಷ ಕಂಪ್ಯೂಟರಿನಲ್ಲಿ ಅಳೆದು ನೋಡಿದ. ಇತ್ತು. ನಾಲ್ಕು ತಿಂಗಳಿಂದ ಹನ್ನೊಂದು ಜನ ಟೆಸ್ಟರುಗಳು ಅದೇ ಆಟ ಆಡುತ್ತಿದ್ದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಹೆಂಗೆ ಗೊತ್ತಾಯ್ತು?"

"ಹದಿನಾರು ವರ್ಷ ಬುಷ್ ತಿರುವೀನಪಾ. ಲೂಜ್ ಇದ್ರ ಕೈ ಹೇಳತೈತಿ."

ಎರಡು ವಾರದಲ್ಲಿ ಅಂಥ ಮೂರು ತಪ್ಪು ಹಿಡಿದುಕೊಟ್ಟ. ಮೂರೂ ಮೇಲಿನವರಿಗೆ ಹೋದವು, ಶ್ರೀಹರ್ಷನ ಹೆಸರಿನಲ್ಲಿ. ಇದನ್ನು ಕೇಳಿದಾಗ ನಮಗೆ ಮೈ ಉರಿಯಿತು. ಗೊಲ್ಲಾಳಪ್ಪನಿಗೆ ಇಲ್ಲ. "ನಾ ಇನ್ನಾ ಹೊರಗಿನಾಂವ. ನನ್ನ ಹೆಸರು ಹೆಂಗ ಬರೀತಾರ," ಎಂದ.

ಜುಲೈ ಮೊದಲನೆಯ ಭಾನುವಾರ ಪಂದ್ಯ. ಶರಣಬಸಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಬಾಗಿಲಲ್ಲಿ ಸೆಕ್ಯುರಿಟಿಯವನು ಆಹ್ವಾನ ಪತ್ರಿಕೆಯನ್ನು ಎರಡು ಸಲ ತಿರುಗಿಸಿ ನೋಡಿ, ಕೊರಳಿಗೆ ಒಂದು ಬಿಲ್ಲೆ ಹಾಕಿದ. ಅದರ ಮೇಲೆ 'ಗೆಸ್ಟ್' ಎಂದು ಬರೆದಿತ್ತು. ಒಳಗೆ ಗೋಡೆಯಷ್ಟಗಲದ ಪರದೆ, ಮುನ್ನೂರು ಕುರ್ಚಿ, ಮೈ ನಡುಗಿಸುವ ಎ.ಸಿ. ಉಳಿದ ಹದಿನೈದು ಜನರಲ್ಲಿ ಬಹುಪಾಲು ಕಂಪನಿಗಳಲ್ಲಿರುವವರು, ಇಲ್ಲವೇ ಎಂಜಿನಿಯರಿಂಗ್ ಓದುವವರು. ಮೂವತ್ತು ದಾಟಿದವನು ಅವನೊಬ್ಬನೇ. ಅಂಗಿಯ ತೋಳಿನ ಕೆಳಗೆ ಸಿಮೆಂಟಿನ ಸುಟ್ಟ ಕಲೆ ಇದ್ದವನೂ ಅವನೊಬ್ಬನೇ.

ಮೊದಲ ಪಂದ್ಯ ಕಷ್ಟದ್ದಾಗಿತ್ತು. ಎರಡನೆಯದು ಇನ್ನೂ ಕಷ್ಟದ್ದು. ಎರಡರಲ್ಲೂ ಮೂರು ಮೂರು ರೌಂಡು ಉಸಿರು ಕಟ್ಟಿ ಆಡಿ ಗೆದ್ದ. ಅಲ್ಲಿ ಬಿಟ್ಟುಕೊಡುವ ಮಾತೇ ಹುಟ್ಟಲಿಲ್ಲ, ಎದುರಿನವರು ಅವನಿಗೆ ಸರಿಸಮನಾಗಿದ್ದರು. ಆಮೇಲೆ ಸೆಮಿಫೈನಲ್.

ಎದುರಿಗೆ ಸೂರ್ಯನಾರಾಯಣ ಎಂಬ ಕಾಲೇಜು ವಿದ್ಯಾರ್ಥಿ. ಮೊದಲ ಎದುರಾಳಿ ಬಾರದೇ ಇದ್ದುದರಿಂದ, ಎರಡನೆಯವನ ಕೈ ತಪ್ಪಿದ್ದರಿಂದ, ಅದೃಷ್ಟದ ಮೇಲೆ ಅಲ್ಲಿಯವರೆಗೆ ಬಂದವನು. ಮುಂದಿನ ಸಾಲಿನಲ್ಲಿ ಅವನ ಅಪ್ಪ ತೊಡೆಯ ಮೇಲೆ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದರು. ಮೊದಲ ರೌಂಡು ಹದಿನೆಂಟು ಸೆಕೆಂಡಿಗೆ ಮುಗಿಯಿತು. ಸಭಾಂಗಣ ನಕ್ಕಿತು. ಸೂರ್ಯನಾರಾಯಣ ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಒಮ್ಮೆ ಅಪ್ಪನ ಕಡೆ ನೋಡಿದ.

ಗೊಲ್ಲಾಳಪ್ಪ ಅದನ್ನು ನೋಡಿದ. ಅಷ್ಟೇ ಆದದ್ದು.

ಎರಡನೆಯ ರೌಂಡನ್ನು ಎಂಬತ್ತೊಂಬತ್ತು ಸೆಕೆಂಡು ಸಮಸಮನಾಗಿ ಆಡಿದ. ಕೊನೆಯ ಹತ್ತು ಸೆಕೆಂಡಿಗೆ ಎಡಗೈ ಸಡಿಲವಾಯಿತು. "ನಾ ಬಿಡಬೇಕಂತ ಬಿಡಲಿಲ್ರಿ. ಬಿಟ್ಟ ಮ್ಯಾಲ ಗೊತ್ತಾತು ಬಿಟ್ಟೀನಂತ," ಎಂದು ಅವನು ಹೇಳುವಾಗ ಆ ಕೈಯನ್ನು ಇನ್ನೊಬ್ಬರದೇನೋ ಎಂಬಂತೆ ನೋಡಿಕೊಳ್ಳುತ್ತಾನೆ. ಸೂರ್ಯನಾರಾಯಣ ಆ ರೌಂಡು ಗೆದ್ದ, ಜನ ಚಪ್ಪಾಳೆ ತಟ್ಟಿದರು, ಅವನ ಅಪ್ಪ ಟಿಫಿನ್ ಕ್ಯಾರಿಯರನ್ನು ಕೆಳಗಿಟ್ಟು ಎದ್ದು ನಿಂತರು. ಮೂರನೆಯ ರೌಂಡನ್ನು ಗೊಲ್ಲಾಳಪ್ಪ ನಿಯತ್ತಾಗಿ ಗೆದ್ದ. ಎದ್ದು ಹುಡುಗನ ಬೆನ್ನು ತಟ್ಟಿ, "ಬಾಗ ಆಡಿನವ್," ಎಂದು ತೆಲುಗಿನಲ್ಲಿ ಹೇಳಿದ, ಚೆನ್ನಾಗಿ ಆಡಿದೆ ಎಂದು. ಫೈನಲ್ಲಿಗೆ ಬಂದಿದ್ದ. ಇನ್ನೊಂದು ಪಂದ್ಯ, ಒಂದು ಮೇಜು.

ಅಷ್ಟರಲ್ಲಿ ದೊಡ್ಡ ಪರದೆಯ ಮೇಲೆ ಆ ಎರಡನೆಯ ರೌಂಡನ್ನು ನಿಧಾನವಾಗಿ ಮತ್ತೆ ತೋರಿಸಿದರು. ಪಾರ್ಲರಿನಲ್ಲಿ ಯಾರಿಗೂ ಕಾಣದಿದ್ದದ್ದು ಅಲ್ಲಿ ಮುನ್ನೂರು ಜನರಿಗೆ ಕಂಡಿತು: ಗೊಲ್ಲಾಳಪ್ಪನ ಆಳು ಪೆಟ್ಟು ತಿನ್ನುತ್ತ ಹತ್ತು ಸೆಕೆಂಡು ಸುಮ್ಮನೆ ನಿಂತಿದ್ದ. ಹಿಂದಿನ ಸಾಲಿನಿಂದ ಯಾರೋ "ಫಿಕ್ಸಿಂಗ್" ಎಂದರು. ಆಮೇಲೆ ಅದೇ ಮಾತು ಎಲ್ಲ ಕಡೆಯಿಂದ ಬಂತು.

ಪಕ್ಕದ ಕೋಣೆಗೆ ಕರೆದರು. ಮೇಜಿನ ಆಚೆ ಕಂಪನಿಯ ಅಧಿಕಾರಿ ಸುಹಾಸಿನಿ, ಮುಂದೆ ಗೊಲ್ಲಾಳಪ್ಪ ಸಹಿ ಹಾಕಿದ ಮೂರನೆಯ ಹಾಳೆ. ಗೋಡೆಗೆ ಒರಗಿ ಶ್ರೀಹರ್ಷ. ಬೇಕೆಂದೇ ರೌಂಡು ಸೋತ ಆಟಗಾರನನ್ನು ಕೂಡಲೇ ಹೊರಗೆ ಕಳಿಸಲಾಗುವುದು ಎಂದು ಹಾಳೆಯಲ್ಲಿತ್ತು. ಸುಹಾಸಿನಿ ಹಿಂದಿಯಲ್ಲಿ ಕೇಳಿದರು, ಎರಡನೆಯ ರೌಂಡನ್ನು ನೀವು ಬೇಕೆಂದೇ ಬಿಟ್ಟಿರಾ?

ಇಲ್ಲ, ಕೈ ನೋಯುತ್ತಿತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು. ನೀವಾಗಿದ್ದರೆ ಹಾಗೆಯೇ ಹೇಳುತ್ತಿದ್ದಿರಿ.

"ಹಾಂಜಿ, ಛೋಡಾ," ಎಂದ ಗೊಲ್ಲಾಳಪ್ಪ. "ಮೆಹಮಾನ್ ರೌಂಡ್ ಥಾ."

ಹೌದು ಬಿಟ್ಟೆ, ಅದು ಮೆಹಮಾನನ ರೌಂಡು ಎಂದದ್ದು ಅವರಿಗೆ ಅರ್ಥವಾಗಲಿಲ್ಲ. ಅವನು ವಿವರಿಸಿದ: ಮೊಯಿನ್ ಭಾಯಿ, ಒಂದು ರೂಪಾಯಿ, ನಡುವಿನ ರೌಂಡು, ಪಾತ್ರೆ ಬಡಿಯುವ ಮಾತು. ತಾನು ಹೆಮ್ಮೆಪಡಬೇಕಾದ ಸಂಗತಿಯನ್ನು ಹೇಳುತ್ತಿದ್ದೇನೆ ಎಂದೇ ಹೇಳಿದ. ಸುಹಾಸಿನಿ ಶ್ರೀಹರ್ಷನ ಕಡೆ ತಿರುಗಿ, ಇಂಥ ಪದ್ಧತಿ ನಿಜವಾಗಿ ಇದೆಯೇ, ನಿಮಗೆ ಗೊತ್ತೇ ಎಂದು ಕೇಳಿದರು.

ಶ್ರೀಹರ್ಷ ಫೋನಿನ ಕಡೆ ನೋಡುತ್ತ, "ಕೇಳಿದ ಹಾಗಿದೆ. ಖಚಿತವಾಗಿ ಹೇಳಕ್ಕಾಗಲ್ಲ," ಎಂದ.

ಐದು ವರ್ಷ ಆ ರೌಂಡುಗಳ ಮೇಲೆ ಬೆಳೆದ ನಾಲಿಗೆ ಅದು.

ಸೆಕ್ಯುರಿಟಿಯವನು 'ಗೆಸ್ಟ್' ಬಿಲ್ಲೆಯನ್ನು ವಾಪಸು ತೆಗೆದುಕೊಂಡ. ಸೋತ ಸೂರ್ಯನಾರಾಯಣನನ್ನೇ ಫೈನಲ್ಲಿಗೆ ಕೂರಿಸಿದರು, ಅವನನ್ನು ಪವನ ಎಂಬುವನು ಒಂದೇ ನಿಮಿಷದಲ್ಲಿ ಮುಗಿಸಿದ. ಪವನ ಅಮೆರಿಕದಲ್ಲಿ ಓದುತ್ತಿರುವವನು, ರಜೆಗೆ ಬಂದಿದ್ದ. ಕೆಲಸದ ಪತ್ರ ಕೊಡಹೋದರೆ ನಕ್ಕು, ಹನ್ನೆರಡನೆಯ ತಾರೀಖು ವಿಮಾನ ಇದೆ ಎಂದು ಟ್ರೋಫಿ ಮಾತ್ರ ತೆಗೆದುಕೊಂಡು ಹೋದ. ಅಂದರೆ ಆ ಮೇಜು ಇವತ್ತಿಗೂ ಖಾಲಿ.

ಆವತ್ತು ಮನೆಯಲ್ಲಿ ಶರಣಬಸಮ್ಮ ಆ ಬಿಳಿ ಅಂಗಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ಆಮೇಲೆ ಕೇಳಿದಳು.

"ಯಾರೂ ಬಿಡು ಅಂತ ಅಂದಿರಲಿಲ್ಲೇನು?"

"ಇಲ್ಲ."

"ಆ ಹುಡುಗ ಬೇಡಿಕೊಂಡಿದ್ನೇನು?"

"ಇಲ್ಲ."

"ಮತ್ಯಾಕ ಬಿಟ್ರಿ?" ಅವಳ ದನಿ ಏರಲಿಲ್ಲ. "ಮೊಯಿನ್ ಭಾಯಿ ಸತ್ತು ಮೂರು ವರ್ಷಾತು. ಅವನ ಅಂಗಡಿ ಇದ್ದಲ್ಲಿ ಮೊಬೈಲ್ ಮಾರಾಕತ್ಯಾರ. ಆ ಕಟ್ಟಳಿ ನೀವೊಬ್ಬರ ಹೊತಗೊಂಡು ತಿರುಗಾಕತ್ತೀರಿ. ನನಗೂ ಪಿಂಕಿಗೂ ಯಾವ ರೌಂಡ್ ಬಿಡ್ತೀರಿ ಹೇಳ್ರಿ."

ಪಿಂಕಿ ಅವರ ಮಗಳು, ಎರಡನೆಯ ತರಗತಿ. ಗೊಲ್ಲಾಳಪ್ಪ ಸೋಮವಾರ ಕೂಲಿ ಬಿಟ್ಟು ಮಾಧಾಪುರಕ್ಕೆ ಹೋಗಿ ಗೇಟಿನ ಹೊರಗೆ ನಿಂತ. ಮಧ್ಯಾಹ್ನ ಎರಡಕ್ಕೆ ಸುಹಾಸಿನಿ ಇಳಿದು ಬಂದರು. ಅವರು ಕೆಟ್ಟವರೇನಲ್ಲ ಎಂದು ಅವನೇ ಹೇಳುತ್ತಾನೆ. ನಿಯಮ ತಾವು ಮುರಿಯುವಂತಿಲ್ಲ ಎಂದರು. ಆದರೆ ಅದು ನಿಜವಾಗಿ ಹಳೆಯ ಪದ್ಧತಿಯೇ ಆಗಿದ್ದರೆ, ಆ ಪಾರ್ಲರಿನಲ್ಲಿ ಆಡಿದ ಹತ್ತು ಜನ ತಮ್ಮ ಹೆಸರು, ವಿಳಾಸ ಹಾಕಿ ಸಹಿ ಮಾಡಿ ಬರೆದುಕೊಡಲಿ. ಆಗ ಮೋಸದ ಆರೋಪ ಬಿದ್ದುಹೋಗುತ್ತದೆ, ಖಾಲಿ ಇರುವ ಕೆಲಸ ಅವನಿಗೇ ಕೊಡಿಸಬಹುದು. ಈ ತಿಂಗಳ ಮೂವತ್ತರವರೆಗೆ ಕಾಯುತ್ತೇವೆ, ಆಮೇಲೆ ಜಾಹೀರಾತು ಕೊಡುತ್ತೇವೆ, ಡಿಗ್ರಿ ಇದ್ದವರಿಗೆ.

ಹತ್ತು ಕಾಗದ. ಒಂಬತ್ತು ವರ್ಷದಲ್ಲಿ ಅವನು ನೂರಾರು ಮಂದಿಗೆ ರೌಂಡು ಬಿಟ್ಟುಕೊಟ್ಟಿದ್ದ. ಹತ್ತು ಕಾಗದ ಏನು ಮಹಾ ಎಂದುಕೊಂಡು ಪಿಂಕಿಯ ನೋಟ್‌ಬುಕ್ಕಿನಲ್ಲಿ ನೆನಪಿದ್ದ ಹೆಸರುಗಳನ್ನೆಲ್ಲ ಬರೆದ.

ಮೊದಲು ಬೇಗಂ ಬಜಾರಿನ ಅಮರಯ್ಯ. ಸ್ಟೀಲು ಪಾತ್ರೆಯ ಅಂಗಡಿ ಅವರದು. ಗಿರಾಕಿಯನ್ನು ನಿಲ್ಲಿಸಿ, ಬಿಲ್ ಪುಸ್ತಕದ ಹಿಂದೆಯೇ ಕನ್ನಡದಲ್ಲಿ ಬರೆದು ಅಂಗಡಿಯ ಮೊಹರು ಒತ್ತಿ ಕೊಟ್ಟರು. "ನನಗ ನೀ ಬಿಡ್ತಿದ್ದಿ ಅಂತ ಆವತ್ತ ಗೊತ್ತಿತ್ತೋ ಮಾರಾಯಾ. ಮನ್ಯಾಗ ಮಾತ್ರ ನಾನ ಗೆದ್ದೆ ಅಂತ ಹೇಳ್ತಿದ್ದೆ," ಎಂದರು. ಒಬ್ಬ ಆಟೋ ಓಡಿಸುವವನು ಬರೆದುಕೊಟ್ಟ. ಇಬ್ಬರು ಹಣ್ಣಿನ ಬಂಡಿಯವರು ಹೆಬ್ಬೆಟ್ಟು ಒತ್ತಿದರು. ಒಬ್ಬ ಟೈಲರು, ಒಬ್ಬ ಬಸ್ ಕಂಡಕ್ಟರು. ಆರು.

ಉಳಿದವರ ಮಾತು ಕೇಳಿ. ಅವರೆಲ್ಲ ಈಗ ಗಾಜಿನ ಕಟ್ಟಡಗಳಲ್ಲಿದ್ದಾರೆ. ಒಬ್ಬರು, ಆ ಕಂಪನಿ ನಮ್ಮ ಕಂಪನಿಯ ಗ್ರಾಹಕ, ನನ್ನ ಹೆಸರು ಬರಬಾರದು ಎಂದರು. ಒಬ್ಬರು, ಪಾರ್ಲರಿನಲ್ಲಿ ಕೂರುತ್ತಿದ್ದೆ ಎಂದು ಹೆಂಡತಿಗೆ ಗೊತ್ತಿಲ್ಲ ಎಂದರು. ಒಬ್ಬರು ಈಮೇಲ್ ಮಾಡುತ್ತೇನೆ ಎಂದರು, ಗೊಲ್ಲಾಳಪ್ಪನಿಗೆ ಈಮೇಲ್ ಇದೆಯೇ ಎಂದು ಕೇಳದೆ. ಕೇಂದ್ರ ಸರ್ಕಾರದ ನೌಕರರೊಬ್ಬರು, ಖಾಸಗಿ ಕಾಗದಕ್ಕೆ ಸಹಿ ಹಾಕಲು ಇಲಾಖೆಯ ಅನುಮತಿ ಬೇಕಾಗುತ್ತದೆ ಎಂದರು. ವಿಡಿಯೋ ಗೇಮ್ ಆಡಿದ್ದೆ ಎಂದು ಬರೆಯುವುದಕ್ಕೆ. ಹೀಗೆ ಹದಿನೇಳು ಜನ. ಹದಿನೇಳೂ ಕಡೆ ಅವನಿಗೆ ಚಹಾ ಕೊಟ್ಟರು.

ಒಬ್ಬನೇ ಒಬ್ಬ ಕೇಳದೆ ಬರೆದುಕೊಟ್ಟ: ಸೂರ್ಯನಾರಾಯಣ. ಗೊಲ್ಲಾಳಪ್ಪನ ಮನೆ ಹುಡುಕಿಕೊಂಡು ಅಪ್ಪನ ಜೊತೆ ಬಂದು, ನನಗೂ ಅವರಿಗೂ ಮುಂಚೆ ಪರಿಚಯವೇ ಇರಲಿಲ್ಲ, ಯಾವ ಒಪ್ಪಂದವೂ ಇರಲಿಲ್ಲ ಎಂದು ಎರಡು ಪುಟ ಬರೆದುಕೊಟ್ಟ. ಕಂಪನಿಯವರು ಅದನ್ನು ಎಣಿಕೆಗೆ ಹಿಡಿಯಲಿಲ್ಲ. ಅವನು ಆ ಪಾರ್ಲರಿನಲ್ಲಿ ಆಡಿದವನಲ್ಲ.

ಕೊನೆಗೆ ಗೊಲ್ಲಾಳಪ್ಪ ನರಹರಿಯವರ ಮನೆಗೆ ಹೋದ. ಶ್ರೀಹರ್ಷ ಅವನನ್ನು ಒಳಗೆ ಕರೆಯದೆ ತಾನೇ ಗೇಟಿಗೆ ಬಂದ.

"ಅಣ್ಣ, ಅರ್ಥ ಮಾಡ್ಕೊಳ್ಳಿ. ನಿಮ್ಮನ್ನು ಕರೆಸಿದ್ದೇ ನಾನು. ಈಗ ನಾನೇ ಬರೆದುಕೊಟ್ಟರೆ ಇಬ್ಬರೂ ಸೇರಿ ಮಾಡಿದ್ದು ಅಂತಾರೆ. ನನ್ನ ಪ್ರಮೋಷನ್ ಇದೆ ಈ ತಿಂಗಳು."

"ಮೊದಲ ಹೇಳಿದ್ರ ಎರಡು ಬಸ್ ಉಳೀತಿದ್ದೂ."

"ಹಾಗಲ್ಲ ಅಣ್ಣ..."

"ನಿನಗ ಎಷ್ಟು ರೌಂಡ್ ಬಿಟ್ಟೀನಿ ಅಂತ ನಾ ಎಣಿಸಿಲ್ಲ, ಹರ್ಷಾ. ನೀ ಸೋತು ಹೋಗುವಾಗ ಮುಖಾ ಸಣ್ಣದ ಮಾಡತಿದ್ದಿ, ನನಗ ನೋಡಾಕ ಆಗತಿರಲಿಲ್ಲ. ಅಷ್ಟ." ಅವನು ರಸ್ತೆಯ ಕಡೆ ತಿರುಗಿದ. "ಈಗೂ ಹಂಗ ಮಾಡಬ್ಯಾಡ. ಒಳಗ ಹೋಗು, ಊಟಾ ಆರತೈತಿ."

ಅದು ಹೋದ ಗುರುವಾರ. ಇವತ್ತು ಇಪ್ಪತ್ತೆರಡು. ಆರು ಕಾಗದ ಇವೆ, ನಾಲ್ಕು ಬೇಕು, ಎಂಟು ದಿನ ಉಳಿದಿದೆ. ಗೊಲ್ಲಾಳಪ್ಪ ದಿನಾ ಸಿಮೆಂಟು ಹೊರುತ್ತಿದ್ದಾನೆ. ಸುಣ್ಣ, ಸಿಮೆಂಟು ಸೇರಿ ಬೆರಳ ತುದಿಯ ಚರ್ಮ ಸುಲಿದು ದಡ್ಡುಗಟ್ಟಿದೆ. ಶರಣಬಸಮ್ಮನ ರೊಟ್ಟಿಯ ಹಿಟ್ಟು ಮುಟ್ಟಿ ಹದ ಹೇಳುತ್ತಿದ್ದವನು ಈಗ, "ಗೊತ್ತಾಗವಲ್ದು," ಎನ್ನುತ್ತಾನೆ. ಕೂದಲೆಳೆಯಷ್ಟು ಲೂಜನ್ನು ಹಿಡಿಯುತ್ತಿದ್ದ ಕೈ ಅದು. ಮಳೆಗಾಲ ಕಳೆಯುವ ಹೊತ್ತಿಗೆ ಹಿಡಿಯುವುದಿಲ್ಲ. ಆಗ ಯಾರು ಮೇಜು ಕೊಟ್ಟರೂ ಉಪಯೋಗವಿಲ್ಲ.

ಈ ಅಂಕಣ ಓದುವವರು ಯಾರು ಎಂದು ನಮಗೆ ಗೊತ್ತು. ಮೆಹದಿಪಟ್ಟಣಂನ ಕಾಲನಿಗಳಲ್ಲಿ ಬೆಳೆದವರು, ಸರ್ಕಾರಿ ಕಾರ್ಖಾನೆಯ ನೌಕರರ ಮಕ್ಕಳು, ಟ್ಯೂಷನ್ನಿಗೆಂದು ಹೇಳಿ ಆ ಗಲ್ಲಿಗೆ ಹೋದವರು. ತೊಂಬತ್ತಮೂರರಿಂದ ಎರಡು ಸಾವಿರದ ಎರಡರೊಳಗೆ ಆ ಐದನೆಯ ಯಂತ್ರದ ಮುಂದೆ ನೀವು ಕೂತಿದ್ದೀರಿ. ನಿಮ್ಮ ಪಕ್ಕ ಒಬ್ಬ ತೆಳ್ಳಗಿನ ಟರ್ನರ್ ಕೂತಿದ್ದ, ಅವನ ಅಂಗಿಗೆ ಲೇತಿನ ಎಣ್ಣೆಯ ವಾಸನೆ ಇತ್ತು. ನೀವು ಮೊದಲ ರೌಂಡು ಸೋತಿರಿ. ಎರಡನೆಯದನ್ನು ಗೆದ್ದಿರಿ. ನಿಮ್ಮ ಶಕ್ತಿಯಿಂದ ಗೆದ್ದಿರಿ ಎಂದು ಇಷ್ಟು ವರ್ಷ ಅಂದುಕೊಂಡಿದ್ದೀರಿ.

ಈಗ ಗೊತ್ತಾಯಿತಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಮೊಯಿನ್ ಭಾಯಿಯ ಪಾರ್ಲರಿನಲ್ಲಿ ನಡುವಿನ ರೌಂಡು ಮೆಹಮಾನನದಾಗಿತ್ತು, ನಾನು ಅದನ್ನು ತಿಂದವನು ಎಂದು ಬರೆಯಿರಿ. ಕೆಳಗೆ ನಿಮ್ಮ ಪೂರ್ತಿ ಹೆಸರು, ವಿಳಾಸ, ಸಹಿ. ಈ ಪತ್ರಿಕೆಯ ಕಚೇರಿಗೆ ತಂದುಕೊಡಿ, ಮಾಧಾಪುರಕ್ಕೆ ಮುಟ್ಟಿಸುವುದು ನಮ್ಮ ಹೊಣೆ. ನಾಲ್ಕೇ ನಾಲ್ಕು. ಬೇರೆ ಯಾರಾದರೂ ಬರೆಯುತ್ತಾರೆ ಎಂದು ಪುಟ ತಿರುಗಿಸಬೇಡಿ. ನೀವು ಬರೆಯಿರಿ, ಮೂವತ್ತರೊಳಗೆ.